ಎರಡು ಎಸ್ಸಿನ ತಾತ

ಅಮೆರಿಕದ ನೆವಾರ್ಕಿನ ಮರಗೆಲಸದ ಶಾಪಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದವರು ಸ್ವೀಡನ್ ಮನೆತನದ ಒಬ್ಬ ವಯಸ್ಸಾದ ಬಡಗಿ. ಮನಸ್ಸಿನಲ್ಲೇ ನಾನವರನ್ನು ತಾತ ಎನ್ನುತ್ತಿದ್ದೆ. ಮಾತಾಡುವ ಮುಂಚೆ ಹಲಗೆಯ ಮೇಲಿನ ಮರದಪುಡಿಯನ್ನು ಉಫ್ ಎಂದು ಊದುವರು. ‘ಸ್ವೆನ್ಸನ್’ ಎಂಬ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಯಾರೇ ಬರೆದರೂ, “ಮಧ್ಯೆ ಎರಡು ಎಸ್ಸು ಹಾಕಪ್ಪ” ಎನ್ನುವರು.

ನಾನು ಸ್ಕೂಲನ್ನು ಅರ್ಧಕ್ಕೇ ಬಿಟ್ಟವನಾದರೂ ಕೆಲಸದಲ್ಲಿ ಯಾರಿಂದಲೂ ಮಾತು ಕೇಳಿದವನಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಕೊನೆಗೆ ಅಪ್ಪನ ಹೆಸರಿತ್ತು. ಸೂಪರ್‌ವೈಸರ್ ಅದನ್ನೇ ಹಿಡಿದು, “ಪುಟ್ಟಯ್ಯ, ಬಾ ಇಲ್ಲಿ” ಎಂದು ಕೂಗುತ್ತಿದ್ದ. ಮಂಡ್ಯದ ಕಡೆ ನಮ್ಮೂರಿನಲ್ಲಿ ಅಪ್ಪನನ್ನು ಹಾಗೆ ಹೆಸರು ಹಿಡಿದು ಕೂಗಿದವರಿಲ್ಲ. ಒಂದು ದಿನ ತಡೆಯಲಾರದೆ, ಈ ಕೆಲಸವೇ ಬೇಡವೆಂದು ಏಪ್ರನ್ ಬಿಚ್ಚಿ ಬಾಗಿಲ ಕಡೆ ಹೊರಟೆ.

ತಾತ ಪುಡಿ ಊದಿದರು. “ಯಾಕೆ, ಏನಾಯ್ತು?”

“ಅವನು ಕೂಗ್ತಿರೋದು ನಮ್ಮಪ್ಪನ ಹೆಸರು.”

“ನಂದೂ ಅಪ್ಪನ ಹೆಸರೇ. ಸ್ವೆನ್ ಅಂತ ಯಾರೋ ಮುತ್ತಾತ. ಮಧ್ಯದ ಎರಡರಲ್ಲಿ ಮೊದಲನೇ ಎಸ್ಸು ‘ಸ್ವೆನ್‌ನ’ ಅನ್ನೋದಕ್ಕೆ, ಎರಡನೇದು ಮಗ ಅನ್ನೋ ‘ಸನ್’ನದು. ಮುಂಚೆ ಈ ಅಪ್ಪನ ಹೆಸರು ತಲೆಮಾರಿಗೊಂದು ಸಲ ಬದಲಾಗ್ತಿತ್ತು, ಆಮೇಲೆ ಹಾಗೇ ನಿಂತುಹೋಯ್ತು. ನಿನ್ನ ಹೆಸರಲ್ಲಿ ಅಪ್ಪ ಇದಾರೆ, ಮಗನೇ ಬಿಟ್ಟುಹೋಗಿದಾನೆ.”

ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ, “ಇವನು ಪುಟ್ಟಯ್ಯಸ್ಸನ್. ಬರೀ ಪುಟ್ಟಯ್ಯ ಅಂದ್ರೆ ಅವರಪ್ಪನೇ ಇಂಡಿಯಾದಿಂದ ಬರಬೇಕಾಗತ್ತೆ, ಟಿಕೆಟ್ ನೀನೇ ಕೊಡಿಸ್ಬೇಕು” ಎಂದರು.

ಅವನು ನಕ್ಕುಬಿಟ್ಟ. ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿ ಕೂಗಿದ: “ಪುಟ್ಟಯ್ಯಸ್ಸನ್, ಈ ಹಲಗೆ ಹಿಡ್ಕೋ ಬಾ.”

ಈ ಸಲ ಕರೆದದ್ದು ಅಪ್ಪನನ್ನಲ್ಲ. ಹೋಗಿ ಹಿಡಿದುಕೊಂಡೆ.