ಗೋಣಿಯ ಮೇಲೆ ಹತ್ತೊಂಬತ್ತು ಬೆನ್ನುಗಳು

ಬೆಳಗಿನ ಆರು ಗಂಟೆ. ಬಂದರಿನ ಹೊಳೆಯ ಮೇಲೆ ಮಂಜು ತೇಲುತ್ತಿದೆ; ಆಚೆ ದಡದ ತೆಂಗುಗಳಿಗೆ ಬುಡವೇ ಇಲ್ಲ, ಬರೀ ತಲೆಗಳು. ದೋಣಿಗಳಿಂದ ಮೀನು ಇಳಿಸುವ ಧಕ್ಕೆಯ ಕೂಗಾಟ ಕೂಡ ನೀರಿನಡಿಯಿಂದ ಬಂದಂತೆ ಮಂದವಾಗಿ ಕೇಳುತ್ತದೆ. ಒಣಮೆಣಸಿನ ಘಾಟು ಹಿಡಿದ ಹಳೆಯ ಹಂಚಿನ ಗೋದಾಮಿನ ಜಗಲಿಯಲ್ಲಿ ಹತ್ತೊಂಬತ್ತು ಗಂಡಸರು ಖಾಲಿ ಗೋಣಿ ಹಾಸಿಕೊಂಡು, ಮಂಡಿ ಮಡಚಿ, ಅಂಗಾತ ಮಲಗಿದ್ದಾರೆ. ಎಲ್ಲರೂ ಹಮಾಲಿಗಳು. ಇನ್ನೊಂದು ಗಂಟೆಯಲ್ಲಿ ಲಾರಿಗಳು ಬರುತ್ತವೆ, ಇವರ ಹೆಗಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಮೂಟೆಗಳು ಏರುತ್ತವೆ. ಈಗ ಮಾತ್ರ ಯಾವ ಹೆಗಲಿನ ಮೇಲೂ ಏನೂ ಇಲ್ಲ.

ಅವರ ನಡುವೆ ಬರಿಗಾಲಲ್ಲಿ ಮೆಲ್ಲಗೆ ನಡೆದಾಡುತ್ತಿರುವವರು ಮಾಯಿಲಪ್ಪ.

"ಉಸಿರು ಕಟ್ಟಬೇಡಿ. ಹೊಟ್ಟೆ ಸ್ವಲ್ಪ ಒಳಗೆ. ಸೊಂಟದ ಅಡಿಯಲ್ಲಿ ಸಂದು ಉಂಟಲ್ಲ, ಅದು ಮುಚ್ಚಬೇಕು, ಅಷ್ಟೇ. ಜೋರು ಬೇಡ ಮಾರಾಯ್ರೆ, ಮೂಟೆ ಎತ್ತುವುದಲ್ಲ ಇದು."

ಹತ್ತೊಂಬತ್ತು ಹೊಟ್ಟೆಗಳು ನಿಧಾನಕ್ಕೆ ಇಳಿಯುತ್ತವೆ, ಏರುತ್ತವೆ. ದಡಕ್ಕೆ ಕಟ್ಟಿದ ದೋಣಿಗಳೂ ಅದೇ ಲಯದಲ್ಲಿ ಉಸಿರಾಡುತ್ತಿವೆಯೇನೋ ಅನ್ನಿಸುತ್ತದೆ.

ಜೆಪ್ಪುವಿನ ಮಾಯಿಲಪ್ಪನವರಿಗೆ ಈಗ ಐವತ್ತೊಂಬತ್ತು. ಇಪ್ಪತ್ತಾರು ವರ್ಷ ಇದೇ ಬಂದರಿನಲ್ಲಿ ಮೂಟೆ ಹೊತ್ತವರು. ಐವತ್ತು ಕಿಲೋದ ಮೂಟೆ, ದಿನಕ್ಕೆ ನೂರು, ನೂರಹತ್ತು. ಆದರೆ ಬೆನ್ನು ಕೈಕೊಟ್ಟದ್ದು ಯಾವ ಮೂಟೆಯ ಕೆಳಗೂ ಅಲ್ಲ. ಎಂಟು ವರ್ಷದ ಹಿಂದೆ, ಕೆಲಸ ಮುಗಿಸಿ ಮನೆಗೆ ಹೊರಟವರು ಚಪ್ಪಲಿ ತೆಗೆದುಕೊಳ್ಳಲು ಬಗ್ಗಿದರು. ಏಳಲಿಕ್ಕೆ ಆಗಲಿಲ್ಲ.

"ಜೊತೆಯವರು ನಗಾಡಿದರು. ನಾನೂ ನಗಾಡಿದೆ. ಆಮೇಲೆ ನೋಡಿದರೆ ನಾಲ್ಕು ಜನ ಹಿಡಿದು ರಿಕ್ಷಾಕ್ಕೆ ಹತ್ತಿಸಬೇಕಾಯ್ತು."

ಮೂರು ತಿಂಗಳು ಹಾಸಿಗೆ. ಹೆಂಡತಿ ಮುದ್ದು ಅವರು ಬಿಸಿ ಎಣ್ಣೆ ಹಚ್ಚಿದರು, ಬಿಸಿನೀರಿನ ಚೀಲ ಇಟ್ಟರು. ಅಲುಗಾಡಿದರೆ ಬೆನ್ನೇ ಮುರಿದುಹೋದೀತೆಂಬ ಹೆದರಿಕೆಯಲ್ಲಿ ಮಾಯಿಲಪ್ಪ ಮಗ್ಗುಲು ಬದಲಿಸಲೂ ಅಂಜುತ್ತಿದ್ದರು. ಕಿಟಕಿಯಲ್ಲಿ ಕಾಣುವ ಒಂದು ತುಂಡು ಆಕಾಶದಲ್ಲಿ ಮೋಡ ಹೋಗುವುದನ್ನು ನೋಡುವುದೇ ಕೆಲಸ. ಕೊನೆಗೆ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ಫಿಸಿಯೋಥೆರಪಿಸ್ಟ್ ಅನಘ ಅವರ ಬಳಿಗೆ ಕಳಿಸಿದರು.

"ಮಲಗಿದ್ದು ಸಾಕು ಮಾಯಿಲಪ್ಪಣ್ಣ," ಅಂದರಂತೆ ಅನಘ. "ಬೆನ್ನಿಗೆ ವಿಶ್ರಾಂತಿಗಿಂತ ಈಗ ಕೆಲಸ ಬೇಕು. ಆದರೆ ನಾನು ಹೇಳಿದಷ್ಟೇ."

ಹೇಳಿದ ಕೆಲಸವೋ, ಮಲಗಿ ಹೊಟ್ಟೆ ಒಳಗೆಳೆಯುವುದು! ಹತ್ತು ಸಲ. ಮತ್ತೆ ಮನೆಯಿಂದ ಬಾವಿಕಟ್ಟೆಯವರೆಗೆ ನಡೆಯುವುದು. ಲಾರಿ ಖಾಲಿ ಮಾಡುತ್ತಿದ್ದ ಗಂಡಸಿಗೆ ಅವಮಾನವಾಯಿತು. ಹನ್ನೆರಡನೆಯ ದಿನ ಯಾರದೋ ಮೊಬೈಲಿನಲ್ಲಿ ವಿಡಿಯೋ ನೋಡಿ, ಮಲಗಿದಲ್ಲಿಂದ ಎದ್ದು ಕಾಲಬೆರಳು ಮುಟ್ಟುವ ವ್ಯಾಯಾಮ ಮಾಡಿದರು. ಒಂದೇ ಉಸಿರಿಗೆ ಐವತ್ತು. ಮರುದಿನದಿಂದ ಮತ್ತೆ ಹತ್ತು ದಿನ ಹಾಸಿಗೆ.

"ಮೇಡಂ ಬೈಯಲಿಲ್ಲ. 'ಎಷ್ಟು ಮಾಡಿದ್ರಿ?' ಕೇಳಿದರು. ಐವತ್ತು ಅಂದೆ. 'ನಾನು ಎಷ್ಟು ಹೇಳಿದ್ದೆ?' ಕೇಳಿದರು. ಅಷ್ಟೇ. ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ."

ಆಮೇಲೆ ತಾಳ್ಮೆ ಬಂತು. ಬಾವಿಕಟ್ಟೆಯ ಆಚೆಗೆ ವಿದ್ಯುತ್ ಕಂಬ, ಅದರಾಚೆಗೆ ರಸ್ತೆಯ ತಿರುವು. ದಿನಕ್ಕೆ ಇಪ್ಪತ್ತೇ ಹೆಜ್ಜೆ ಹೆಚ್ಚು. ಸಂಜೆಯ ತಂಪಿನಲ್ಲಿ ಹಾಗೆ ನಡೆಯುವಾಗ, ಇಷ್ಟು ವರ್ಷ ಓಡಾಡಿದ ಊರನ್ನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸುತ್ತಿತ್ತಂತೆ. ಏಳು ತಿಂಗಳಿಗೆ ಬಂದರಿಗೆ ಮರಳಿದರು. ಮೂಟೆ ಹೊರಲಿಕ್ಕಲ್ಲ, ಹರಿದ ಗೋಣಿ ಹೊಲಿಯಲಿಕ್ಕೆ. ದಿನಕ್ಕೆ ನಲವತ್ತು ಚೀಲ. ಅರ್ಧ ಗಂಟೆಗೊಮ್ಮೆ ದಬ್ಬಣ ಪಕ್ಕಕ್ಕಿಟ್ಟು ಎದ್ದು ನಿಲ್ಲುತ್ತಾರೆ, ಜಗಲಿಯ ಉದ್ದಕ್ಕೂ ಒಂದು ಸುತ್ತು ಬರುತ್ತಾರೆ.

ಎದ್ದು ನಿಲ್ಲುವುದನ್ನು ನೋಡಿಯೇ ಮೊದಲು ಮೂವರು ಕೇಳಿದ್ದು, "ಮಾಯಿಲಣ್ಣ, ನನ್ನ ಸೊಂಟಕ್ಕೂ ಎಂತಾದ್ರೂ ಉಂಟಾ?" ಮಾಯಿಲಪ್ಪ ಅನಘ ಅವರನ್ನು ವಿಚಾರಿಸಿ, ಡಾಕ್ಟರಿಗೆ ತೋರಿಸಿ ಬಂದವರಿಗೆ ಮಾತ್ರ ಐದು ಬಗೆಯ ವ್ಯಾಯಾಮ ಹೇಳಿಕೊಡಲು ಶುರು ಮಾಡಿದರು. ಮೂವರು ಹತ್ತಾದರು, ಹತ್ತು ಹತ್ತೊಂಬತ್ತಾಯಿತು. ಇಪ್ಪತ್ತೈದು ನಿಮಿಷ, ಭಾನುವಾರ ರಜೆ. ಎದ್ದ ಕೂಡಲೇ ಬಗ್ಗುವ ವ್ಯಾಯಾಮ ಇಲ್ಲ. ಮೊದಲು ಸ್ವಲ್ಪ ನಡಿಗೆ. ಸ್ನಾಯು ಎಳೆದಂತಾದರೆ ಪರವಾಗಿಲ್ಲ, ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಕಳೆದ ವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ ಈ ಜಗಲಿಯಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಆಂಬ್ರೋಸ್ ಎಂಬ ನಲವತ್ತನಾಲ್ಕರ ಹಮಾಲಿ ಎರಡು ವಾರದಿಂದ ಬರುತ್ತಿದ್ದರು. ಅಂದು ಗೋಣಿಯ ಮೇಲೆ ಮಲಗಿದವರು, "ಇವತ್ತು ನೋವು ಕಡಿಮೆ ಉಂಟು ಮಾಯಿಲಣ್ಣ, ಕಾಲು ಮಾತ್ರ ಜುಂ ಅಂತದೆ," ಎಂದರು. ಎರಡೂ ಕಾಲು.

ಎರಡೂ ಕಾಲು ಜೋಮು ಹಿಡಿದರೆ ಎರಡು ಪ್ರಶ್ನೆ ಕೇಳಲೇಬೇಕೆಂದು ಅನಘ ಹೇಳಿದ್ದು ಮಾಯಿಲಪ್ಪನವರಿಗೆ ನೆನಪಾಯಿತು. ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಕೇಳಿದರು, "ಸೈಕಲ್ ಸೀಟು ತಾಗುವ ಜಾಗ ಗೊತ್ತಾಗ್ತದಾ? ಮೂತ್ರ ಸರಿ ಹೋಗ್ತದಾ?"

"ಎಂತ ಮಾರಾಯ, ಎಲ್ಲರೆದುರು ಕೇಳುವ ಪ್ರಶ್ನೆಯಾ ಇದು?" ಆಂಬ್ರೋಸ್ ಸಿಡುಕಿದರು. ಮಾಯಿಲಪ್ಪ ಕದಲಲಿಲ್ಲ. ಕೊನೆಗೆ ಆಂಬ್ರೋಸ್ ಸಣ್ಣ ದನಿಯಲ್ಲಿ ಹೇಳಿದರು: "ನಿನ್ನೆ ಸಂಜೆಯಿಂದ ಹೋಗ್ಲಿಲ್ಲ. ಅಲ್ಲಿ ಎಂತದೂ ಗೊತ್ತಾಗುವುದಿಲ್ಲ."

ಮುಂದಿನ ಹತ್ತು ನಿಮಿಷದಲ್ಲಿ ಇಬ್ಬರೂ ಕಂಕನಾಡಿಯ ದಾರಿಯಲ್ಲಿದ್ದರು, ರಿಕ್ಷಾದಲ್ಲಿ. ಅದೇ ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಬೆನ್ನೆಲುಬಿನಲ್ಲಿ ಸರಿದ ಡಿಸ್ಕ್, ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳ ಗೊಂಚಲನ್ನೇ ಒತ್ತಿಹಿಡಿದಿತ್ತು. ತಡಮಾಡಿದ್ದರೆ ಜೀವಮಾನವಿಡೀ ತೊಂದರೆ ಉಳಿಯಬಹುದಿತ್ತು ಎಂದರು ಡಾಕ್ಟರು. 

ಎಲ್ಲರೂ ಮಾಯಿಲಪ್ಪನವರನ್ನು ಹೊಗಳಿದರು. ಅವರು ಮಾತ್ರ ಜಗಲಿಗೆ ಗೋಣಿ ಹಾಸುವುದನ್ನೇ ನಿಲ್ಲಿಸಿಬಿಟ್ಟರು.

"ನಾನು ಹೇಳಿಕೊಟ್ಟದ್ದರಿಂದಲೇ ಅವನಿಗೆ ಹೀಗಾಯ್ತಾ ಅಂತ ಹೆದರಿಕೆ. ಯಾರಲ್ಲಿ ಕೇಳುವುದು?"

ಹನ್ನೊಂದನೆಯ ದಿನ ಅನಘ ತಾವೇ ಬಂದರಿಗೆ ಬಂದರು. ಹೇಳಿಕೊಡುತ್ತಿದ್ದ ಐದನ್ನೂ ಮಾಡಿಸಿ ನೋಡಿದರು, ಒಂದನ್ನು ತಿದ್ದಿದರು. ಆಂಬ್ರೋಸ್‌ಗೆ ಆದದ್ದು ವ್ಯಾಯಾಮದಿಂದ ಎಂದು ಹೇಳುವಂತಿಲ್ಲ ಎಂದರು. "ನೀವು ನಿಲ್ಲಿಸಿದರೆ ಇವರೆಲ್ಲ ಮೊಬೈಲ್ ನೋಡಿ ಐವತ್ತು ಮಾಡ್ತಾರೆ, ಮಾಯಿಲಪ್ಪಣ್ಣ." ಮರುದಿನ ಮತ್ತೆ ಗೋಣಿ ಬಿಚ್ಚಿಕೊಂಡಿತು. ಆದರೆ ಈಗ ದಿನವೂ, ಮಲಗುವ ಮೊದಲೇ, ಒಬ್ಬೊಬ್ಬರನ್ನೂ ಕಂಬದ ಮರೆಗೆ ಕರೆದು ಆ ಎರಡು ಪ್ರಶ್ನೆ ಕೇಳುತ್ತಾರೆ. ಯಾರೂ ಸಿಡುಕುವುದಿಲ್ಲ. ಎಡಪಾದ ಕೊಂಚ ಎಳೆಯುತ್ತ, ಆದರೆ ತಮ್ಮ ಕಾಲಿನ ಮೇಲೇ ನಡೆದು ಬರುವ ಆಂಬ್ರೋಸ್ ಈಗ ಗೋದಾಮಿನ ಗೇಟಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಾರೆ.

ಏಳು ಗಂಟೆಗೆ ಮಂಜು ಕರಗಿ, ತೆಂಗುಗಳಿಗೆ ಬುಡ ಬರುತ್ತದೆ. ಮೊದಲ ಲಾರಿ ಹಿಮ್ಮುಖವಾಗಿ ಒಳಗೆ ಬರುತ್ತದೆ. ದಬ್ಬಣಕ್ಕೆ ಸುತಳಿ ಪೋಣಿಸುತ್ತ ಮಾಯಿಲಪ್ಪ, ಕೇಳದೆಯೇ, ತಮ್ಮ ಒಂದು ಆಸೆ ಹೇಳುತ್ತಾರೆ. ಮಗಳು ಯಶ್ಮಿತಾ ಗಂಡನ ಜೊತೆ ದುಬೈಯಲ್ಲಿದ್ದಾಳೆ. ಎರಡು ವರ್ಷದ ಮೊಮ್ಮಗಳು ಮೋಕ್ಷಾಳನ್ನು ಕರೆದುಕೊಂಡು ಮುಂದಿನ ತಿಂಗಳು ಬರುತ್ತಾಳೆ. ಅವಳನ್ನು ಎತ್ತಿಕೊಳ್ಳಬೇಕು. ಮಗು ಹನ್ನೊಂದು ಕಿಲೋ ಉಂಟಂತೆ. ಅನಘ ಸದ್ಯಕ್ಕೆ ಅನುಮತಿ ಕೊಟ್ಟಿರುವುದು ಎಂಟು ಕಿಲೋ ಎತ್ತಲಿಕ್ಕೆ. ಹಾಗಾಗಿ ಮನೆಯಲ್ಲಿ ಅಕ್ಕಿಯ ಚೀಲವನ್ನು ಎದೆಗವಚಿ ಏಳುವ ಅಭ್ಯಾಸ ನಡೆದಿದೆ, ಅವರು ಹೇಳಿದಂತೆಯೇ ವಾರಕ್ಕೆ ಅರ್ಧ ಕಿಲೋ ಹೆಚ್ಚಿಸುತ್ತ. ಹೆಂಡತಿ ಮುದ್ದು ಬಾಗಿಲಲ್ಲಿ ನಿಂತು ನಗುತ್ತಾರಂತೆ.

"ಅಷ್ಟರಲ್ಲಿ ಹನ್ನೊಂದು ಆಗ್ಲಿಕ್ಕಿಲ್ಲ. ಆಗದಿದ್ದರೆ ನಾನೇ ನೆಲದಲ್ಲಿ ಕೂತು, ಬಂದು ಮಡಿಲಲ್ಲಿ ಕೂತ್ಕೋ ಮಗಾ ಅಂತೇನೆ," ಎನ್ನುತ್ತಾರೆ ಮಾಯಿಲಪ್ಪ. "ಅದಕ್ಕೆಂತ ಅವಸರ?"