ಶಯ್ಯಾದಾನದ ದಿಂಬು

ಅವರಿಗೆ ಫೋಮ್ ಒಗ್ಗುತ್ತಿರಲಿಲ್ಲ. ನನ್ನ ಯಜಮಾನರ ವಿಷಯ ಹೇಳುತ್ತಿದ್ದೇನೆ. ವಿಶಾಖಪಟ್ಟಣದಲ್ಲಿ ಮಗಳ ನೇವಿ ಕ್ವಾರ್ಟರ್ಸಿನಲ್ಲಿ ನಮಗೆ ಬಿಟ್ಟುಕೊಟ್ಟಿದ್ದ ಕೋಣೆಯಲ್ಲಿ ಒಳ್ಳೆಯ ಮಂಚವೇ ಇತ್ತು. ಅದರ ಮೇಲೆ ‘ಆರ್ಥೊಪೆಡಿಕ್’ ಎಂದು ಅಂಚಿನಲ್ಲಿ ಅಚ್ಚೊತ್ತಿದ ಗಟ್ಟಿ ಹಾಸಿಗೆ, ಜೊತೆಗೆ ಇಟ್ಟಿಗೆಯಂಥ ಎರಡು ದಿಂಬು. ಅವರಿಗೆ ಆಸ್ಪತ್ರೆಗೆ ಹೋಗಿಬರಲು ಅನುಕೂಲವೆಂದು ವಿಜಯವಾಡದ ಬಾಡಿಗೆ ಮನೆಗೆ ಬೀಗ ಹಾಕಿ ಅಲ್ಲಿಗೆ ಹೋಗಿದ್ದೆವು. ನಾಲ್ಕು ತಿಂಗಳು ಅವರು ಆ ಹಾಸಿಗೆಯ ಮೇಲೆ ಹೊರಳಿದರು. ಬೆನ್ನು ಬೇಯುತ್ತದೆ, ತಲೆ ಮೇಲೇ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ಐದಕ್ಕೆ ಪರವಾಡದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸು ಕೆಳಗಿನ ತಿರುವಿನಲ್ಲಿ ಹಾರ್ನ್ ಮಾಡಿದಾಗ, “ನೋಡು, ಇವತ್ತೂ ಎದ್ದೇ ಇದೀನಿ” ಎನ್ನುತ್ತಿದ್ದರು, ಬ್ಯಾಂಕಿನಲ್ಲಿ ಹಾಜರಿ ಕೊಟ್ಟಂತೆ.

“ನಮ್ಮ ಬೂರುಗದ ದಿಂಬು ತರಿಸೇ,” ಎಂದು ಕೇಳಿದ್ದು ಒಂದು ಸಲವಲ್ಲ.

ಆ ದಿಂಬು ಇರಲಿಲ್ಲ. ಮನೆಗೆ ಬೀಗ ಹಾಕುವ ದಿನ ಅದನ್ನು ನಾನೇ ಬಿಸಾಡಿದ್ದೆ. ಹತ್ತಿ ಗಂಟುಗಂಟಾಗಿ ಒಂದು ಮೂಲೆಗೆ ಸೇರಿತ್ತು, ಎಣ್ಣೆಕಮಟು ಬೇರೆ. ಹೊಸದು ಹೊಲಿದುಕೊಟ್ಟರಾಯಿತು ಎಂದುಕೊಂಡು ಅವರಿಗೆ ಹೇಳಿರಲಿಲ್ಲ. ವೈಜಾಗ್‌ನಲ್ಲಿ ಬೂರುಗದ ಹತ್ತಿ ಸಿಗುವುದಿಲ್ಲವೆಂದಲ್ಲ, ನಾನು ಹುಡುಕಲಿಲ್ಲ. ಮಗಳ ಮನೆಯಲ್ಲಿ ಆ ಎಳೆ ಹಾರಿದರೆ ಎಸಿಯೊಳಗೆ ಸಿಕ್ಕಿಕೊಳ್ಳುತ್ತದೆ, ಅವಳು ಏನೂ ಅನ್ನದೆ ಒರೆಸುತ್ತಾಳೆ, ಅದೇ ನನಗೆ ಸಂಕೋಚ. “ಮುಂದಿನ ತಿಂಗಳು ವಿಜಯವಾಡಕ್ಕೆ ಹೋದಾಗ ಆಯ್ತು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದೆ. ಪ್ರತಿ ತಿಂಗಳೂ ಅದನ್ನೇ ಅಂದೆ. ಐದನೆಯ ತಿಂಗಳು ಬರಲಿಲ್ಲ.

ನಾನು ಅಳಲಿಲ್ಲ. ಬಂದವರು ನನ್ನ ಮುಖವನ್ನು ಎರಡೆರಡು ಸಲ ನೋಡಿ ಹೋದರು. ಮೈಯೆಲ್ಲ ದಂತವೈದ್ಯರ ಇಂಜೆಕ್ಷನ್ ಆದ ದವಡೆಯ ಹಾಗೆ ಇತ್ತು. ಮುಟ್ಟಿದರೆ ತಿಳಿಯುತ್ತದೆ, ಇದು ನನ್ನದೆನ್ನಿಸುವುದಿಲ್ಲ.

ಅಳಿಯ ಹಡಗಿನಲ್ಲಿದ್ದ, ಬರುವಂತಿರಲಿಲ್ಲ. ಕರ್ಮ ಮಾಡಲು ಮೈಸೂರಿನಿಂದ ಯಜಮಾನರ ತಮ್ಮ ಬರಬೇಕಾಗಿತ್ತು. ಅಸ್ಥಿ ಕೃಷ್ಣೆಯಲ್ಲಿ ಬಿಡುವುದು, ಮಿಕ್ಕದ್ದನ್ನೂ ವಿಜಯವಾಡದಲ್ಲೇ ಮುಗಿಸುವುದು ಎಂದಾಯಿತು. ಅವರು ರಿಟೈರ್ ಆಗಿ ಉಳಿದ ಊರು ಅದೇ ತಾನೆ. ಐದನೆಯ ದಿನ ನಾನೂ ಮಗಳೂ ರೈಲಿನಲ್ಲಿ ಬಂದು ಬೀಗ ತೆಗೆದೆವು. ಪುರೋಹಿತರು ಫೋನಿನಲ್ಲಿ ಪಟ್ಟಿ ಕಳಿಸಿದರು. ಅವರು ತೆಲುಗಿನವರು, ನಮ್ಮಂಥ ಬ್ಯಾಂಕಿನವರ ಮನೆಗಳಿಗೆ ಬಂದು ಬಂದು ಕನ್ನಡ ಅರ್ಧ ಕಲಿತವರು. ಪಟ್ಟಿಯ ಕೊನೆಯಲ್ಲಿ ‘ಶಯ್ಯಾದಾನ – ಸೆಟ್’ ಎಂದಿತ್ತು. ಹನ್ನೆರಡನೆಯ ದಿನ ತೀರಿಹೋದವರ ಹೆಸರಿನಲ್ಲಿ ಒಬ್ಬರಿಗೆ ಹಾಸಿಗೆ, ದಿಂಬು, ಹೊದಿಕೆ, ಕೊಡೆ, ಚಪ್ಪಲಿ ಕೊಡುವುದು. ಕೊಟ್ಟದ್ದು ಹೋದವರಿಗೆ ಮುಟ್ಟುತ್ತದೆ ಎಂಬುದು ನಂಬಿಕೆ.

ಸೆಟ್ಟಿನ ಫೋಟೊ ಮಗಳು ತೋರಿಸಿದಳು. ಕೂಸಿನ ಹಾಸಿಗೆಯಷ್ಟು ಉದ್ದದ್ದು, ಹೊಳೆಯುವ ಬಟ್ಟೆ, ಅಂಗೈ ಅಗಲದ ದಿಂಬು.

“ಇದರ ಮೇಲೆ ಯಾರು ಮಲಗ್ತಾರೆ?” ಎಂದೆ.

“ಯಾರೂ ಮಲಗಲ್ಲಮ್ಮ. ಸಿಂಬಾಲಿಕ್. ಸಾಯಂಕಾಲ ಅಂಗಡಿಗೆ ವಾಪಸ್ ಹೋಗುತ್ತಂತೆ, ಇನ್ನೊಬ್ಬರಿಗೆ ಬರುತ್ತಂತೆ.”

“ನಾನು ಹೊಲೀತೀನಿ.”

ಮಗಳು ನನ್ನನ್ನೇ ನೋಡಿದಳು. “ಅಮ್ಮ, ಇನ್ನು ಆರೇ ದಿನ ಇರೋದು. ನಿನ್ನ ಕೈಬೆರಳು ಬೇರೆ...”

“ಬೂರುಗದ ದಿಂಬು, ತೆಳ್ಳಗಿನ ಹತ್ತಿ ಹಾಸಿಗೆ. ಅಷ್ಟೇ. ಅಪ್ಪ ಕೇಳಿದ್ದು.”

ನನಗೆ ನಂಬಿಕೆ ಇತ್ತೇ ಎಂದರೆ ಹೇಳಲಾರೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು, ಒಂದು ಕಿವಿಯಲ್ಲಿ ಚಾಪೆಲ್ಲಿನ ಗಂಟೆ, ಇನ್ನೊಂದರಲ್ಲಿ ಅಜ್ಜಿಯ ದೇವರನಾಮ. ಎರಡನ್ನೂ ಪೂರ್ತಿ ಕೇಳಿಸಿಕೊಂಡವಳಲ್ಲ. ಆದರೆ ಮುಟ್ಟುವುದೇ ನಿಜವಾದರೆ ಆ ಅಂಗೈ ಅಗಲದ್ದು ಮುಟ್ಟಬಾರದು. ಇದಿಷ್ಟು ಮಾತ್ರ ತಲೆಯಲ್ಲಿ ಸ್ಪಷ್ಟವಾಗಿತ್ತು.

ಮರುದಿನ ಹಳೇ ಪೇಟೆಗೆ, ಒನ್ ಟೌನಿಗೆ ಹೋದೆವು. ಸೂತಕದಲ್ಲಿ ಅಂಗಡಿ ಬೀದಿ ಹತ್ತಬಾರದು, ಗೊತ್ತು. ನೋಡುವವರು ಯಾರೂ ಇರಲಿಲ್ಲ. ಹತ್ತಿ ಅಂಗಡಿಯವನು ಇಪ್ಪತ್ತು ವರ್ಷದಿಂದ ಪರಿಚಯ. ಮೂಟೆಗಳ ನಡುವಿನಿಂದಲೇ ಕೂಗಿದ. “ಏಮಂಡಿ ಅಮ್ಮಗಾರು, ಕಾಣಿಸ್ತಾನೇ ಇಲ್ಲ! ಸಾರ್ ಎಲ್ಲಿ? ಅವರು ಬಂದ್ರೆ ಎರಡು ಕಿಲೋ ಹತ್ತಿಗೆ ಮೂರು ಮೂಟೆ ಬಿಚ್ಚಿಸ್ತಾರೆ.”

“ಮನೇಲಿದಾರೆ,” ಎಂದೆ.

“ಬೀಜ ಇದ್ಯಾ ಅಂತ ಸರಿಯಾಗಿ ನೋಡಿ ತಗೊಳ್ಳಿ. ಇಲ್ಲಾಂದ್ರೆ ನಾಳೆ ಬಂದು ನನ್ನ ಅಂಗಡಿ ಮುಂದೆ ಧರಣಿ ಕೂರ್ತಾರೆ.”

“ಕೂರಲ್ಲ ಬಿಡಿ.”

ದಿಂಬಿಗೆ ಬೂರುಗ, ಹಾಸಿಗೆಗೆ ಹಿಂಜಿದ ಹತ್ತಿ, ಎರಡಕ್ಕೂ ಆಗುವಷ್ಟು ನೀಲಿ ಪಟ್ಟೆಯ ದಪ್ಪ ಬಟ್ಟೆ, ಒಂದು ಉಂಡೆ ಟ್ವೈನ್. ಪೆನ್ಷನ್ ನಿಂತಿತ್ತು, ನನ್ನ ಹೆಸರಿಗೆ ಬದಲಾಗುವ ಕಾಗದಗಳು ಇನ್ನೂ ಬ್ಯಾಂಕಿನಲ್ಲೇ ಇದ್ದವು. ಕೈಯಲ್ಲಿದ್ದದ್ದು ಇಷ್ಟಕ್ಕೆ ಸರಿಹೋಯಿತು. ಆಟೋದಲ್ಲಿ ಮಗಳು ಕೇಳಿದಳು. “ಯಾಕಮ್ಮ ಸುಳ್ಳು ಹೇಳಿದೆ?”

“ಹೇಳಿದ್ರೆ ದುಡ್ಡು ಬೇಡ ಅಂದುಬಿಡ್ತಿದ್ದ. ದಾನಕ್ಕೆ ಪುಕ್ಕಟೆ ತಗೋಬಾರದು.”

ಅದು ನಿಜವಾದ ಕಾರಣವೇ ಎಂದು ಅವಳು ಕೇಳಲಿಲ್ಲ. ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡಿದಳು.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿದ್ದು. ಕಾನ್ವೆಂಟಿನ ನಮ್ಮ ನೀಡಲ್‌ವರ್ಕ್ ಸಿಸ್ಟರ್ ಐರಿಷ್ ಹೆಂಗಸು. ಬಟ್ಟೆ ನೆನೆಸದೆ ಕತ್ತರಿ ಹಾಕಿದರೆ ಹೊಲಿದದ್ದನ್ನೆಲ್ಲ ಬಿಚ್ಚಿಸುತ್ತಿದ್ದರು. ಬಟ್ಟೆ ಮೊದಲು ಕುಗ್ಗಬೇಕು, ಆಮೇಲೆ ಅಳತೆ. ಇಲ್ಲದಿದ್ದರೆ ಮೊದಲನೆಯ ಒಗೆತಕ್ಕೇ ಹೊಲಿಗೆ ಸುರುಟಿಕೊಂಡು ಹತ್ತಿ ಮುದ್ದೆಗಟ್ಟುತ್ತದೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಐವತ್ತು ವರ್ಷ ಹೀಗೇ ಮಾಡಿದ್ದೇನೆ, ಟ್ರಾನ್ಸ್‌ಫರ್ ಆದ ಪ್ರತಿ ಊರಿನಲ್ಲೂ, ಪ್ರತಿ ಮನೆಯ ಹಾಸಿಗೆಗೂ. ಕೈ ತಾನಾಗಿ ನಲ್ಲಿ ತಿರುಗಿಸಿತು.

ಏಳನೆಯ ದಿನ ಬೆಳಿಗ್ಗೆ ಮೈದುನ ಬಂದ. ಶಾಸ್ತ್ರದ ಮನುಷ್ಯ, ಆದರೆ ಕೆಟ್ಟವನಲ್ಲ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ತಂತಿಯ ಮೇಲಿದ್ದ ಬಟ್ಟೆ ನೋಡಿ ಅಲ್ಲೇ ನಿಂತ.

“ಅತ್ತಿಗೆ, ಇದು ಯಾವುದು?”

“ಶಯ್ಯಾದಾನದ್ದು. ದಿಂಬು, ಹಾಸಿಗೆ ಹೊಲೀತಿದೀನಿ.”

“ಒಗೆದುಬಿಟ್ರಾ?”

“ನೆನೆಸಿದೆ. ಕುಗ್ಗಲಿ ಅಂತ.”

ಅವನು ಹಣೆ ಒತ್ತಿಕೊಂಡ. “ನೀರು ಮುಟ್ಟಿದ ಬಟ್ಟೆ ದಾನಕ್ಕೆ ಬರಲ್ಲ ಅತ್ತಿಗೆ. ಮಡಿಕೆ ಬಿಚ್ಚದ ಹೊಸದೇ ಆಗಬೇಕು. ಒಗೆದ ಮೇಲೆ ಅದು ಹಳೇದರ ಲೆಕ್ಕ. ಹಳೇ ಹಾಸಿಗೆ ಕೊಟ್ರೆ ಅಣ್ಣನಿಗೆ ಮುಟ್ಟುತ್ತಾ?”

ನನಗೆ ಗೊತ್ತಿದ್ದ ವಿಷಯವೇ. ಅತ್ತೆ ದಾನದ ಪಂಚೆಗಳನ್ನು ಪೇಪರ್ ಸಮೇತ ಇಡುತ್ತಿದ್ದರು. ಆ ಅರಿವು ಒಂದು ಕಡೆ ಇತ್ತು, ಸಿಸ್ಟರ್ ಇನ್ನೊಂದು ಕಡೆ. ಐವತ್ತು ವರ್ಷದಲ್ಲಿ ಎರಡೂ ಒಂದೇ ಬಟ್ಟೆಯ ಮೇಲೆ ಬಂದದ್ದು ಇದೇ ಮೊದಲು.

“ನಾನೇ ಹೋಗಿ ಬೇರೆ ಬಟ್ಟೆ ತರ್ತೀನಿ,” ಎಂದ ಮೈದುನ.

“ತಂದ್ರೆ ಅದನ್ನೂ ನೆನೆಸ್ತೀನಿ.”

“ಅಯ್ಯೋ, ದಾನ ತಗೊಂಡ ಬ್ರಾಹ್ಮಣ ಒಗೀತಾನೋ ಬಿಡ್ತಾನೋ, ನಮಗ್ಯಾಕೆ?”

“ಒಗೆಯೋಕೆ ಅಂತಾನೇ ಹೊಲೀತಿರೋದು. ಮಲಗೋಕೆ. ನಿಮ್ಮಣ್ಣ ಕೇಳಿದ್ದು ಮಲಗೋಕೆ ಒಂದು ದಿಂಬು, ನೋಡೋಕಲ್ಲ.”

ನನ್ನ ಸ್ವರ ಏರಿರಲಿಲ್ಲ. ಬೇರೆ ಯಾರೋ ಓದಿ ಹೇಳಿದ ಹಾಗಿತ್ತು. ಮೈದುನ ಪುರೋಹಿತರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅವರು ಯಾವುದೋ ಮನೆಯಲ್ಲಿ ಹೋಮದ ನಡುವೆ ಇದ್ದರು, ಹಿಂದೆ ಗಂಟೆಯ ಸದ್ದು. ಎಲ್ಲ ಕೇಳಿಸಿಕೊಂಡು, “ಅಮ್ಮಗಾರೇ ಹೊಲೀತಿದಾರಾ? ನಿಜವಾದ ಹಾಸಿಗೆ?” ಎಂದರು. ಆಮೇಲೆ, “ದೋಷ ಇದೆ, ಇಲ್ಲ ಅನ್ನಲ್ಲ. ಅವತ್ತು ಬೆಳಿಗ್ಗೆ ಪುಣ್ಯಾಹದ ನೀರು ಪ್ರೋಕ್ಷಣೆ ಮಾಡೋಣ. ಪರವಾಲೇದು.”

“ನೀರು ಬಿದ್ದು ಕೆಟ್ಟಿದ್ದಕ್ಕೆ ಮತ್ತೆ ನೀರೇ?” ಎಂದ ಮೈದುನ.

“ನಿಮ್ಮ ನಲ್ಲಿ ನೀರು ಮುನಿಸಿಪಾಲ್ಟಿದು, ನಮ್ಮದು ಮಂತ್ರದ್ದು ಸ್ವಾಮಿ,” ಎಂದು ಫೋನ್ ಇಟ್ಟರು.

ಮೈದುನನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಸಾಯಂಕಾಲ ನಾನು ಬಟ್ಟೆ ಕತ್ತರಿಸುವಾಗ ಇನ್ನೊಂದು ತುದಿ ಎಳೆದು ಹಿಡಿದ.

ಬೂರುಗ ತುಂಬುವಾಗ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ವಿಜಯವಾಡದ ಸೆಕೆಯಲ್ಲಿ ನಾನೂ ಮಗಳೂ ಕೂತೆವು. ಬಟ್ಟೆಯ ಒಳಮೈಗೆ ಬಾರ್ ಸೋಪು ಒಣಗಿದ್ದನ್ನೇ ಉಜ್ಜಿದೆ, ನೇಯ್ಗೆಯ ಕಣ್ಣು ಮುಚ್ಚಿ ಎಳೆ ಹೊರಗೆ ಬರದಿರಲೆಂದು. ಹಿಡಿಹಿಡಿಯಾಗಿ ಬಿಡಿಸಿ ಮೊದಲು ಮೂಲೆಗಳಿಗೆ, ಆಮೇಲೆ ಮಧ್ಯಕ್ಕೆ. ಬಹಳ ತುಂಬಿದರೆ ಫೋಮಿನಂತಾಗುತ್ತದೆ, ಕಡಿಮೆಯಾದರೆ ತಿಂಗಳೊಳಗೆ ಕೂರುತ್ತದೆ. ಮೊಣಕೈ ಊರಿ ಒತ್ತಿ ನೋಡಬೇಕು, ನಿಧಾನವಾಗಿ ಒಳಗಿಳಿಯಬೇಕು, ನೆಲ ತಾಗಬಾರದು. ಮಗಳ ಹುಬ್ಬಿನ ತುಂಬ ಬಿಳಿ ಎಳೆ. “ಅಮ್ಮ, ನಾನು ನಿನ್ನಷ್ಟೇ ಮುದುಕಿ ಆದೆ ನೋಡು,” ಎಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಹಾಸಿಗೆ ಕಷ್ಟವಾಯಿತು. ಹತ್ತಿಯನ್ನು ಸಮನಾಗಿ ಹರಡಿ, ಗೇಣಿಗೊಂದರಂತೆ ದಬ್ಬಳದಿಂದ ಟ್ವೈನ್ ಚುಚ್ಚಿ ಗಂಟು ಹಾಕಬೇಕು. ನನ್ನ ಬೆರಳಿಗೆ ಬಲವಿಲ್ಲ. ನಾನು ಮೇಲಿನಿಂದ ಚುಚ್ಚುವುದು, ಮಗಳು ಕೆಳಗಿನಿಂದ ಎಳೆಯುವುದು. ಎರಡು ಸಲ ದಬ್ಬಳ ನನ್ನ ಹೆಬ್ಬೆರಳಿಗೇ ಹೋಯಿತು. ರಕ್ತ ನೋಡಿದ ಮೇಲೆ ಗೊತ್ತಾಯಿತು, ನೋವಿನಿಂದಲ್ಲ. ಮಗಳು ಪ್ಲಾಸ್ಟರ್ ಸುತ್ತಿದಳು. ಹತ್ತನೆಯ ದಿನದ ಶಾಸ್ತ್ರಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಮುಗಿದು ಮನೆಗೆ ಬಂದು ಉಳಿದಿದ್ದ ಎಂಟು ಗಂಟು ಹಾಕಿದೆ.

ಹನ್ನೆರಡನೆಯ ದಿನ ನದಿಯ ದಡದ ಒಂದು ಛತ್ರದ ಹಾಲ್. ಕಿಟಕಿಯಾಚೆ ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲುಗಳಲ್ಲಿ ದೇವಸ್ಥಾನಕ್ಕೆ ಹತ್ತುವ ಜನ. ದಾನ ತಗೊಳ್ಳಲು ಪುರೋಹಿತರು ಕರೆತಂದಿದ್ದವರು ಎಂಬತ್ತರ ಹತ್ತಿರದ, ಕೋಲಿನಂಥ ಮನುಷ್ಯ. ಇಂಥ ಕರೆಗಳ ಮೇಲೆಯೇ ಬದುಕುವವರು. ಆಗಲೇ ಎಲ್ಲೋ ಒಂದು ಕರ್ಮ ಮುಗಿಸಿ ಬಂದಿದ್ದರು, ಪಂಚೆಯ ಅಂಚು ಒದ್ದೆ. ಪುರೋಹಿತರು ದರ್ಭೆಯಿಂದ ಹಾಸಿಗೆಗೂ ದಿಂಬಿಗೂ ನೀರು ಚಿಮುಕಿಸಿದರು. ಮೈದುನ ಧಾರೆ ಎರೆದ.

“ತಾತಗಾರು, ಒಂದು ಕ್ಷಣ ಮಲಗಿ ಏಳಬೇಕು,” ಎಂದರು ಪುರೋಹಿತರು. ಅದೂ ಒಂದು ಶಾಸ್ತ್ರ. ಸೆಟ್ಟಾದರೆ ಅದರ ಮೇಲೆ ಕೈ ಇಟ್ಟು ಮುಗಿಸುತ್ತಾರಂತೆ.

ಅವರು ಸಂಕೋಚದಿಂದ ಮೊದಲು ಕೂತರು, ಅಂಗೈಯಿಂದ ಹಾಸಿಗೆ ಸವರಿದರು. ಆಮೇಲೆ ಒಂದು ಮಗ್ಗುಲಿಗೆ ಒರಗಿ ದಿಂಬಿಗೆ ತಲೆ ಇಟ್ಟರು. ತಲೆ ನಿಧಾನವಾಗಿ ಒಳಗಿಳಿಯಿತು. ಕಾಲು ಚಾಚಿದರು. ಪುರೋಹಿತರು ಒಂದು ಮಂತ್ರ ಮುಗಿಸಿ ಇನ್ನೊಂದಕ್ಕೆ ಹೋದರು, ಅದೂ ಮುಗಿಯಿತು.

“ತಾತಗಾರು, ಆಯ್ತು. ಏಳಿ.”

ಏಳಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ ಕೇಳಿಸಿತು.

ಮೈದುನ ಗಾಬರಿಯಾಗಿ ಬಗ್ಗಿ ನೋಡಿದ. “ನಿದ್ದೆ ಮಾಡ್ತಿದಾರೆ ಅತ್ತಿಗೆ,” ಎಂದ, ದೂರು ಕೊಡುವವನಂತೆ. ಮಗಳು ಸೆರಗು ಬಾಯಿಗೆ ಒತ್ತಿಕೊಂಡು ತಿರುಗಿ ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ. ಪುರೋಹಿತರು ಭುಜ ಅಲುಗಿಸಲು ಕೈ ಚಾಚಿದರು.

“ಬಿಡಿ,” ಎಂದೆ.

“ಅಮ್ಮಾ, ನನಗೆ ಹನ್ನೊಂದಕ್ಕೆ ಇನ್ನೊಂದು ಮನೆ ಇದೆ.”

“ನೀವು ಹೋಗಿ. ಅವರು ಏಳೋವರೆಗೂ ನಾನು ಕೂತಿರ್ತೀನಿ.”

ಅವರು ಹೋಗಲಿಲ್ಲ. ಫೋನ್ ತೆಗೆದು, ಸ್ವಲ್ಪ ತಡವಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಗೋಡೆಗೆ ಒರಗಿದರು. ನಾನು ಹಾಸಿಗೆಯಿಂದ ಸ್ವಲ್ಪ ದೂರ ನೆಲದ ಮೇಲೆ ಕೂತೆ. ಮಲಗಿದ್ದ ಮುದುಕರ ಎದೆ ಏರಿ ಇಳಿಯುತ್ತಿತ್ತು. ಒಮ್ಮೆ ಮಗ್ಗುಲು ಬದಲಿಸಿದರು, ದಿಂಬನ್ನು ಕೈಯಿಂದ ಕಿವಿಯ ಕೆಳಗೆ ಎಳೆದುಕೊಂಡರು, ಮತ್ತೆ ನಿದ್ದೆ. ಹೊರಳಲಿಲ್ಲ. ನಾನು ಏನೂ ಯೋಚಿಸಲಿಲ್ಲ. ಪ್ರಾರ್ಥನೆಯನ್ನೂ ಮಾಡಲಿಲ್ಲ. ಸುಮ್ಮನೆ ನೋಡಿದೆ.

ಎದ್ದಾಗ ಅವರಿಗೆ ತುಂಬ ನಾಚಿಕೆಯಾಯಿತು. ಕನ್ನಡಕ ಹುಡುಕಿ ಹಾಕಿಕೊಂಡು ಕೈಮುಗಿದರು. “ತಪ್ಪಾಯ್ತಮ್ಮಾ. ನಾಲ್ಕಕ್ಕೆ ಎದ್ದವನು.” ಆಮೇಲೆ ಪುರೋಹಿತರ ಕಡೆ ನೋಡಿ ಕೇಳಿದರು, “ಇದನ್ನ ಅಂಗಡಿಯವನು ಎಷ್ಟು ಹೊತ್ತಿಗೆ ಬಂದು ತಗೊಂಡು ಹೋಗ್ತಾನೆ?”

“ಯಾರೂ ಬರಲ್ಲ,” ಎಂದೆ. “ಅದು ನಿಮ್ಮದು. ಮನೆಗೆ ತಗೊಂಡು ಹೋಗಿ. ದಿಂಬಿನ ಮೇಲುಚೀಲ ಒಗೀಬಹುದು, ಸುರುಟಲ್ಲ. ಹಾಸಿಗೆ ವಾರಕ್ಕೊಂದು ಸಲ ಬಿಸಿಲಿಗೆ ಹಾಕಿ.”

“ದಿಂಬು ನನಗೆ ಸಿಗೋದು ಅನುಮಾನ. ಮನೆಯಾಕೆ ಕಿತ್ಕೋತಾಳೆ.”

“ಮಧ್ಯಾಹ್ನ ನೀವು ತಗೊಳ್ಳಿ, ರಾತ್ರಿ ಅವರಿಗೆ ಕೊಡಿ,” ಎಂದಳು ಮಗಳು.

ಮೈದುನನೇ ಹಾಸಿಗೆ ಸುತ್ತಿ ಆಟೋಗೆ ಹೊತ್ತು ಹೋದ. ಕೊಡೆ, ಚಪ್ಪಲಿ ಸೀಟಿನ ಮೇಲಿಟ್ಟರು. ದಿಂಬನ್ನು ಮಾತ್ರ ಅವರು ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. ಕೊಟ್ಟದ್ದನ್ನು ನೋಡುತ್ತ ನಿಲ್ಲಬಾರದು ಎಂದು ಮೈದುನ ನನ್ನನ್ನು ಒಳಗೆ ಕಳಿಸಿದ.

ಎಲೆ ಹಾಕಿದ್ದರು. ಮಗಳು ಪಕ್ಕದಲ್ಲಿ ಕೂತು, “ನಲವತ್ತು ನಿಮಿಷ ಮಲಗಿದ್ರು ಅಮ್ಮ, ನಾನು ಟೈಮ್ ನೋಡ್ತಿದ್ದೆ,” ಎಂದಳು. ನನಗೆ ಐದು ನಿಮಿಷವೆನ್ನಿಸಿತ್ತು. ಹೆಬ್ಬೆರಳಿನ ಪ್ಲಾಸ್ಟರ್ ಬಿಚ್ಚಿ ಎಲೆಯ ಆಚೆಗಿಟ್ಟು ಅನ್ನ ಕಲಸಿದೆ. ಸಾರು ಗಾಯಕ್ಕೆ ತಾಗಿ ಚುರುಚುರು ಎಂದಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಉರಿ ತಿಳಿಯಿತು. ಕೈ ತೆಗೆಯದೆ ಊಟ ಮಾಡಿದೆ.