ಮುಸರತ್ ಹಾಸಿದ ಇಂಗ್ಲಿಷ್

ನವಲಗುಂದದ ಮುಸರತ್‌ಗೆ ಇಂಗ್ಲಿಷ್ ಕಲಿಸಿದ್ದು ಶಾಲೆಯಲ್ಲ. ಶಾಲೆಯಲ್ಲಿ ಅವಳು ಕಲಿತದ್ದು ಎಬಿಸಿಡಿ ಮತ್ತು ಮಾಸ್ತರರ ಬೆತ್ತ ಎಷ್ಟು ಉದ್ದ ಎಂಬುದು, ಅಷ್ಟೇ. ನಿಜವಾದ ಪಾಠ ಶುರುವಾದದ್ದು ಕೈಗೊಂದು ಮೊಬೈಲ್ ಬಂದ ಮೇಲೆ. ಅಷ್ಟರಲ್ಲಿ ಅವಳು ಸೊಸೆಯಾಗಿ ಬಂದು, ಅತ್ತೆ ಸುಗರಾಬಿಯ ಪಕ್ಕ ಮಗ್ಗದ ಮುಂದೆ ಕೂತು, ಹದಿನೈದು ವರ್ಷ ಜಮಖಾನ ನೇಯ್ದಾಗಿತ್ತು. ಆ ಓಣಿಯಲ್ಲಿ ಈ ಕಸಬನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಮಗಳು ಇನ್ನೊಂದು ಊರಿಗೆ ಹೋಗುವವಳು, ಕಸಬನ್ನೂ ಸೆರಗಿಗೆ ಕಟ್ಟಿಕೊಂಡು ಹೋದಾಳು ಎಂಬ ಹೆದರಿಕೆ.

ಪುಣೆಯ ಒಬ್ಬಳು, ಚೆನ್ನೈನ ಇನ್ನೊಬ್ಬಳು ಮೊಬೈಲಿನಲ್ಲೇ ಜಮಖಾನ ಕೊಳ್ಳತೊಡಗಿದರು. ಅವರು 'ಹಾಯ್ ಡಿಯರ್' ಎಂದರೆ ಇವಳೂ 'ಹಾಯ್ ಡಿಯರ್' ಎಂದಳು. ಅವರು 'ನೋ ವರೀಸ್' ಎಂದರೆ ಇವಳೂ 'ನೋ ವರೀಸ್' ಎಂದಳು. ಜೊತೆಗೆ ಎರಡು ಕೆಂಪು ಗುಲಾಬಿಯ ಚಿತ್ರ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಇಂಗ್ಲಿಷ್ ಎಂದರೆ ಇಷ್ಟೇ, ಇದಕ್ಕೇ ಜನ ಇಷ್ಟು ಹೆದರುತ್ತಾರಲ್ಲ ಎಂದು ಅವಳಿಗೆ ನಗು ಬರುತ್ತಿತ್ತು.

ಆ ನಗು ನಿಂತದ್ದು ಹುಬ್ಬಳ್ಳಿಯ ಕರಕುಶಲ ಮೇಳದಿಂದ. ಹಿಂದಿನ ವರ್ಷ ಅತ್ತೆ ಸೊಸೆ ಇಬ್ಬರೂ ಆ ಮೇಳಕ್ಕೆ ಹೋಗಿದ್ದರು, ಆದರೆ ವ್ಯಾಪಾರಿ ಕಾಶಿನಾಥನ ಮಳಿಗೆಯಲ್ಲಿ ನೇಯ್ದು ತೋರಿಸಲಿಕ್ಕೆ. ನಾಲ್ಕು ದಿನ ಕೂತು ನೇಯ್ದರು. ಬಂದವರೆಲ್ಲ ಅವರ ಕೈಗಳ ಫೋಟೋ ಹೊಡೆದುಕೊಂಡರು, ಮುಖ ಯಾರಿಗೂ ಬೇಕಾಗಲಿಲ್ಲ. ಈ ನವಿಲು ಹೇಗೆ ನೇಯ್ತೀರಿ ಎಂದು ಯಾರೋ ಮುಸರತ್‌ಳನ್ನು ಕೇಳಿದರೆ ಉತ್ತರ ಕೊಟ್ಟವನು ಕಾಶಿನಾಥ. ಬೋರ್ಡಿನ ಮೇಲೂ ಅವನದೇ ಹೆಸರು. ಜನ್ಮದಲ್ಲಿ ಒಂದು ಎಳೆ ನೂಲು ದಾಟಿಸದ ಮನುಷ್ಯ! ಮುಂದಿನ ವರ್ಷ ಹೋದರೆ ನಮ್ಮ ಹೆಸರಿನ ಮಳಿಗೆಗೇ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ಮುಸರತ್ ಅಂದೇ ಹಟ ಹಿಡಿದಳು.

ಅರ್ಜಿ ಇಂಗ್ಲಿಷಿನಲ್ಲೇ ಇರಬೇಕಂತೆ. ಇರಲಿ, ತನಗೆ ಬರುತ್ತದಲ್ಲ! ಮೇಳ ನಡೆಸುವ ಅಮೃತಾ ಮೇಡಂ ಅವರಿಗೆ ಬರೆದಳು. 'ಹಾಯ್ ಡಿಯರ್, ಐ ವಾಂಟ್ ಸ್ಟಾಲ್. ಮೈ ಜಮಖಾನಾ ಸೂಪರ್. ರಿಪ್ಲೈ ಫಾಸ್ಟ್.' ಗುಲಾಬಿಯನ್ನೂ ಮರೆಯಲಿಲ್ಲ.

ಎರಡು ದಿನಕ್ಕೆ ಕನ್ನಡದಲ್ಲಿ ಉತ್ತರ ಬಂತು. ನಿಮ್ಮ ಭಾಷೆ ಯೋಗ್ಯವಾಗಿಲ್ಲ, ತಿಳಿದವರ ಮೂಲಕ ವ್ಯವಹರಿಸಿ, ಬೇಕಾದರೆ ಹೋದ ವರ್ಷದಂತೆ ಕಾಶಿನಾಥ ಅವರ ಮಳಿಗೆಯಲ್ಲಿ ಕೂತು ನೇಯಬಹುದು, ಮಳಿಗೆಯ ಅರ್ಜಿಗೆ ಶುಕ್ರವಾರ ಕೊನೆಯ ದಿನ ಎಂದಿತ್ತು. ಓದಿದ ಮುಸರತ್‌ಳ ಮೈ ಉರಿದುಹೋಯಿತು. ಎಳೆ ಬಡಿದು ಕೂರಿಸುವ ಪಂಜಾ ಎತ್ತಿಕೊಂಡು ನೇಯ್ಗೆಗೆ ಬಡಿದ ಏಟಿಗೆ ಮಗ್ಗವೇ ಅಲುಗಾಡಿತು.

"ಸಾವಕಾಶ ಬಡಿ, ನೂಲು ಏನ್ ಮಾಡೇತಿ ನಿನಗ?" ಎಂದಳು ಸುಗರಾಬಿ. ವಿಷಯ ಪೂರ್ತಿ ಕೇಳಿಸಿಕೊಂಡು, ಎಳೆ ದಾಟಿಸುತ್ತಲೇ ಕೇಳಿದಳು. "ಪಗಡಿ ಆಟ ಆಡೂ ಜಮಖಾನದ ಮ್ಯಾಲ ಯಾರರ ನಮಾಜ್ ಮಾಡ್ತಾರೇನ ಬೇಟಿ?"

"ಇಲ್ಲಮ್ಮಾ."

"ನಮಾಜ್ ಮಾಡೂ ಜಾನಮಾಜ್ ಮ್ಯಾಲ ಪಗಡಿ ಆಡ್ತಾರೇನ?"

"ತೋಬಾ! ಅದೂ ಇಲ್ಲ."

"ನೀ ಆ ಮೇಡಂಗ ಪಗಡಿ ಹಾಸಿದಿ. ಅಷ್ಟ ಆಗಿದ್ದು."

ಮುಸರತ್ ಪಂಜಾ ಕೆಳಗಿಟ್ಟಳು. ತಪ್ಪಾದದ್ದು ಹಾಸಿದ್ದರಲ್ಲಿ, ನೇಯ್ದದ್ದರಲ್ಲಲ್ಲ. ಅದಕ್ಕಾಗಿ ಮರಳಿ ಕಾಶಿನಾಥನ ಅಂಗಡಿಗೆ ಹೋಗಿ ಕೂರಬೇಕು ಎಂದು ಯಾವ ಕಾನೂನಿದೆ?

ಗುರುವಾರ ಅವಳು ತಹಶೀಲ್ದಾರ್ ಕಚೇರಿಯ ಎದುರು ಅರ್ಜಿ ಬರೆದುಕೊಡುವ ಮೈಲಾರಪ್ಪನ ಮುಂದೆ ಹೋಗಿ ಕೂತಳು. ನಲವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದ ಮನುಷ್ಯ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು, ಅರ್ಜಿ ಮಾತ್ರ ಅದೇ ಇತ್ತು. ಅವಳು ಬಾಯಿ ಬಿಡುವ ಮೊದಲೇ ಅವನ ಬೆರಳು ಓಡತೊಡಗಿತು. 'ಮೋಸ್ಟ್ ಹಂಬ್ಲಿ ಐ ಬೆಗ್' ಎಂದು ಶುರುವಾಗಿ 'ಯುವರ್ ಒಬೀಡಿಯಂಟ್ ಸರ್ವೆಂಟ್' ಎಂದು ಮುಗಿಯಿತು.

"ಬೆಗ್ ಅಂದ್ರ ಏನ್ರಿ ಕಾಕಾ?"

"ಕೈ ಮುಗದು ಬೇಡಿಕೊಳ್ಳೂದು ತಂಗಿ."

"ಕೆಳಗ ಬರದದ್ದು?"

"ನಿಮ್ಮ ಮಾತು ಮೀರದ ಸೇವಕಿ ಅಂತ. ಎಲ್ಲಾರೂ ಹಂಗ ಬರಸ್ತಾರವಾ."

"ಅಳಿಸ್ರಿ."

ಮೈಲಾರಪ್ಪ ಕನ್ನಡಕದ ಮೇಲಿನಿಂದ ನೋಡಿದ. ನಲವತ್ತು ವರ್ಷದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ.

"ಹಂಗ ಬರೀದಿದ್ರ ದೊಡ್ಡವರು ಕಾಗದಾನ ಮುಟ್ಟೂದಿಲ್ಲ."

"ಮುಟ್ಟದಿದ್ರ ಬಿಡ್ಲಿ. ಕಾಕಾ, ನಿಮ್ಮ ಜೋಡಿ ನಾ 'ರಿ' ಹಚ್ಚಿ ಮಾತಾಡ್ತೀನಿ, ಹೌದಿಲ್ರಿ? ಅದರಾಗ ಮರ್ಯಾದಿ ಐತಿ, ಭಿಕ್ಷಾ ಇಲ್ಲ. ಇಂಗ್ಲೀಷಿನ್ಯಾಗ 'ರಿ' ಇಲ್ಲೇನ್ರಿ?"

ಮೈಲಾರಪ್ಪ ಕನ್ನಡಕ ತೆಗೆದು ಒರೆಸಿದ. ಆಮೇಲೆ ನಕ್ಕ. "ಇರಬೇಕವಾ. ಇಷ್ಟು ವರ್ಷ ನಾನೂ ಹುಡುಕಿಲ್ಲ ನೋಡು. ಹುಡುಕೂಣು, ತಡಿ."

ಇಬ್ಬರೂ ಸೇರಿ ಹುಡುಕಿದರು. ಮುಸರತ್ ಕನ್ನಡದಲ್ಲಿ ಹೇಳುವುದು, ಅವನು ಇಂಗ್ಲಿಷ್ ಮಾಡುವುದು, ಇವಳು ಒಂದೊಂದು ಪದ ಹಿಡಿದು ಇದು ಬಗ್ಗುತ್ತದೋ ನಿಲ್ಲುತ್ತದೋ ಎಂದು ಕೇಳುವುದು. ಬಗ್ಗಿದ್ದನ್ನೆಲ್ಲ ತೆಗೆಸಿದಳು. 'ಪ್ಲೀಸ್' ಉಳಿಯಿತು. 'ಐ ರಿಕ್ವೆಸ್ಟ್' ಉಳಿಯಿತು. ಗುಲಾಬಿ ಹೋಯಿತು. ಕೊನೆಗೆ ನಿಂತದ್ದು ನಾಲ್ಕೇ ಸಾಲು. ಮಾನ್ಯ ಮೇಡಂ, ನಾನು ಮತ್ತು ನನ್ನ ಅತ್ತೆ ಸುಗರಾಬಿ ಜಮಖಾನ ನೇಯುವವರು. ಹೋದ ವರ್ಷ ನಿಮ್ಮ ಮೇಳದಲ್ಲಿ ಜನ ನಿಂತು ನೋಡಿದ್ದು ನಮ್ಮ ಕೆಲಸವನ್ನು. ಈ ವರ್ಷ ನಮ್ಮ ಹೆಸರಿನಲ್ಲೇ ಮಳಿಗೆ ಕೊಡಬೇಕೆಂದು ವಿನಂತಿ. ಕೊಡಲಾಗದಿದ್ದರೆ ದಯವಿಟ್ಟು ಕಾರಣ ಬರೆದು ತಿಳಿಸಿ.

ಕೊನೆಯ ಸಾಲು ಟೈಪ್ ಮಾಡಿ ಮೈಲಾರಪ್ಪ ತಡೆದ. "ಇದು ಬ್ಯಾಡವಾ, ಸಿಟ್ಟಿಗೇಳ್ತಾರ."

"ಅದನ್ನ ಹೇಳಾಕ ಅಲ್ಲೇನ್ರಿ ಕಾಕಾ ಮ್ಯಾಲಿಂದೆಲ್ಲಾ ಬರದಿದ್ದು!" ಎಂದು ತಾನೇ ಕೈ ಚಾಚಿ ಗುಂಡಿ ಒತ್ತಿ ಕಳಿಸಿಬಿಟ್ಟಳು.

ಮರುದಿನ ಮಧ್ಯಾಹ್ನ ಫೋನ್ ಬಂತು. ಆ ಕಡೆ ಅಮೃತಾ ಮೇಡಂ. ಈ ಪತ್ರ ಬರೆದುಕೊಟ್ಟವರ ಕೈಗೆ ಫೋನ್ ಕೊಡಿ ಎಂದರು. ಸುಗರಾಬಿ ಕೈಯಲ್ಲಿದ್ದ ಎಳೆಯನ್ನು ಹಾಗೇ ಹಿಡಿದು ಕೂತಿದ್ದಳು. ಮುಸರತ್ ಒಂದು ಉಸಿರೆಳೆದುಕೊಂಡು, ಒಂದೊಂದೇ ಪದ ಎತ್ತಿಟ್ಟಂತೆ ಇಂಗ್ಲಿಷಿನಲ್ಲೇ ಹೇಳಿದಳು. ಟೈಪ್ ಮಾಡಿದವರು ಬೇರೆ ಮೇಡಂ, ಬರೆಸಿದವಳು ನಾನು. ದಯವಿಟ್ಟು ನನ್ನ ಜೊತೆಯೇ ಮಾತಾಡಿ.

ನೋಡುತ್ತೇನೆ ಎಂದು ಮೇಡಂ ಫೋನ್ ಇಟ್ಟರು. ಬಹುಶಃ ಬರೆದು ಕೊಡಲು ಅವರಿಗೊಂದು ಕಾರಣ ಸಿಗಲಿಲ್ಲ. ಸಂಜೆಯೊಳಗೆ ಮಳಿಗೆಯ ನಂಬರ್ ಬಂತು.

ಮೇಳದ ದಿನ ಬೋರ್ಡಿನ ಮೇಲೆ 'ಸುಗರಾಬಿ, ಮುಸರತ್, ನವಲಗುಂದ' ಎಂದಿತ್ತು. ಸುಗರಾಬಿಗೆ ಓದು ಬಾರದು. ತನ್ನ ಹೆಸರು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಮೂರು ಸಲ ಕೇಳಿ ತಿಳಿದುಕೊಂಡಳು. ಮುಸರತ್ ಬಂದವರ ಮುಖ ನೋಡಿ ಮಾತು ಹಾಸುತ್ತಿದ್ದಳು. ಬಿಳಿ ತಲೆಯವರಿಗೆ 'ಗುಡ್ ಮಾರ್ನಿಂಗ್ ಸರ್', ಕಾಲೇಜು ಹುಡುಗಿಯರಿಗೆ 'ಹಾಯ್'. ಎದುರಿನ ಮಳಿಗೆಯಿಂದ ಕಾಶಿನಾಥ ನೋಡುತ್ತಲೇ ಇದ್ದ.

ಹನ್ನೊಂದರ ಹೊತ್ತಿಗೆ ಅಮೃತಾ ಮೇಡಂ ನಾಲ್ಕೈದು ಅತಿಥಿಗಳನ್ನು ಕರೆದುಕೊಂಡು ಬಂದರು. 'ಗುಡ್ ಮಾರ್ನಿಂಗ್ ಮೇಡಂ, ಪ್ಲೀಸ್ ಕಮ್' ಎಂಬ ಮಾತನ್ನು ಮುಸರತ್ ಮಡಚಿ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಳು. ಆದರೆ ಮೇಡಂ ಅವಳ ಕೆನ್ನೆ ತಟ್ಟಿ, ಎಲ್ಲರಿಗೂ ಕೇಳುವಂತೆ, "ಹಾಯ್ ಡಿಯರ್! ಆಲ್ ಓಕೆ?" ಎಂದರು.

ಅಂದರೆ ಈ ಮಾತು ಅಯೋಗ್ಯವಲ್ಲ. ಮೇಲಿನಿಂದ ಕೆಳಗೆ ಬಂದರೆ ಪ್ರೀತಿ, ಕೆಳಗಿನಿಂದ ಮೇಲೆ ಹೋದರೆ ಉದ್ಧಟತನ! ಮುಸರತ್ ಮಡಚಿಟ್ಟದ್ದನ್ನು ನುಂಗಿಕೊಂಡಳು.

"ಹಾಯ್ ಡಿಯರ್!" ಎಂದಳು ಅಷ್ಟೇ ದೊಡ್ಡ ದನಿಯಲ್ಲಿ, ಅಷ್ಟೇ ಹಲ್ಲು ಬಿಟ್ಟು. "ಸೂಪರ್! ನೋ ವರೀಸ್!"

ಅತಿಥಿಗಳು ಗೊಳ್ಳೆಂದು ನಕ್ಕರು. ಮೇಡಂ ಅವರ ನಗು ಅರ್ಧಕ್ಕೇ ನಿಂತಿತು, ಕೈ ತಾನಾಗಿ ಹಿಂದೆ ಸರಿಯಿತು. ಅವರು ಬೋರ್ಡಿನ ಕಡೆ ಒಮ್ಮೆ ನೋಡಿ ಮುಂದೆ ಹೋದರು.

ಸುಗರಾಬಿ ಗಾಬರಿಯಾಗಿ ಸೊಸೆಯ ಸೆರಗು ಜಗ್ಗಿದಳು. "ಏನಂದಿ ಬೇಟಿ ಆಕಿಗೆ?"

"ಏನಿಲ್ಲಮ್ಮಾ. ಪಗಡಿ ಹಾಸಿದ್ಲು. ನಾನೂ ಕುಂತು ಒಂದು ಆಟ ಆಡಿದೆ."